ನಿಮ್ಮ ಪ್ರಕಟಣೆ, ನಿಮ್ಮ ಸೈಟೇಶನ್: ಸಂಶೋಧಕರು ತಮ್ಮ ಲೆಕ್ಕ ತಾವೇ ಹಾಕಿಕೊಳ್ಳಲು ಸಮಗ್ರ ಮಾರ್ಗದರ್ಶಿ

"ಸರ, ನನ್ನ ಎಚ್-ಇಂಡೆಕ್ಸ್ ಎಷ್ಟೈತಿ, ಸ್ವಲ್ಪ ನೋಡಿ ಹೇಳ್ರಿ."

ಬಡ್ತಿ ಅರ್ಜಿ ತುಂಬುವ ದಿನಗಳಲ್ಲಿ ಬೆಳಗಾವಿ, ವಿಜಯಪುರದ ಕಡೆಯ ಯಾವ ವಿಶ್ವವಿದ್ಯಾಲಯದ ಗ್ರಂಥಪಾಲಕರನ್ನು ಕೇಳಿದರೂ ಈ ಮಾತು ಅವರ ಕಿವಿಗೆ ಬಿದ್ದೇ ಇರುತ್ತದೆ. ಒಬ್ಬರ ಲೇಖನಗಳು ಬೇರೆ ಬರಹಗಳಲ್ಲಿ ಎಷ್ಟು ಬಾರಿ ಉಲ್ಲೇಖವಾಗಿವೆ (ಇದೇ ಸೈಟೇಶನ್) ಎಂಬುದರ ಮೇಲೆ ತೆಗೆಯುವ ಅಂಕಿ ಈ ಎಚ್-ಇಂಡೆಕ್ಸ್. ಅನುಭವಸ್ಥರಾದರೆ ಅವರು ಉತ್ತರ ಹೇಳುವುದಿಲ್ಲ, ತಿರುಗಿ ಕೇಳುತ್ತಾರೆ: "ಗೂಗಲ್‌ದಾಗಿಂದೋ, ಸ್ಕೋಪಸ್‌ದಾಗಿಂದೋ?" ಕೇಳಿದವರಿಗೆ ಇದು ಅಧಿಕಪ್ರಸಂಗ ಅನ್ನಿಸಬಹುದು. ಆದರೆ ಒಬ್ಬರೇ ಪ್ರಾಧ್ಯಾಪಕರಿಗೆ ಒಂದೇ ದಿನ ಗೂಗಲ್ ಸ್ಕಾಲರ್ 14, ಸ್ಕೋಪಸ್ 8, ವೆಬ್ ಆಫ್ ಸೈನ್ಸ್ 6 ಎಂದು ತೋರಿಸುವುದು ತೀರಾ ಮಾಮೂಲು. ಸೈಟೇಶನ್ ಎಣಿಸುವ ಈ ಮೂರೂ ತಾಣಗಳು ಸುಳ್ಳು ಹೇಳುತ್ತಿಲ್ಲ. ಮೂರೂ ಬೇರೆ ಬೇರೆ ರಾಶಿಯನ್ನು ಎಣಿಸುತ್ತಿವೆ, ಅಷ್ಟೇ.

ಹಾಗಾಗಿ ಇಲ್ಲಿ ಸೂತ್ರಕ್ಕಿಂತ ಮುಂಚೆ ಪಟ್ಟಿಯ ಮಾತು ಬರುತ್ತದೆ. ಎಚ್-ಇಂಡೆಕ್ಸ್ ತೆಗೆಯಲು ಎರಡು ನಿಮಿಷ ಸಾಕು. ಅದಕ್ಕೆ ಮೊದಲು ಹೆಸರು, ಊರು, ಲೇಖನದ ಪಟ್ಟಿ ಸರಿ ಮಾಡಿಕೊಳ್ಳುವ ಕೆಲಸಕ್ಕೇ ಹೆಚ್ಚು ಹೊತ್ತು ಹಿಡಿಯುತ್ತದೆ, ಮತ್ತು ಬಹಳ ಜನ ಬಿಟ್ಟುಬಿಡುವುದು ಅದನ್ನೇ.

ಅರ್ಜಿ ನಿಜವಾಗಿ ಏನು ಕೇಳುತ್ತಿದೆ?

ಎಲ್ಲ ಅರ್ಜಿಗೂ ಎಚ್-ಇಂಡೆಕ್ಸ್ ಬೇಕಿಲ್ಲ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮಾವಳಿಯ ಪ್ರಕಾರ ಸಂಶೋಧನಾ ಅಂಕ ಲೆಕ್ಕ ಹಾಕುವಾಗ ಬೇಕಾದದ್ದು ಲೇಖನಗಳ ಸಂಖ್ಯೆ, ಲೇಖಕರ ಸಾಲಿನಲ್ಲಿ ನಿಮ್ಮ ಸ್ಥಾನ ಮತ್ತು ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್ (ಆ ಜರ್ನಲ್‌ನ ಲೇಖನಕ್ಕೆ ಸರಾಸರಿ ಎಷ್ಟು ಉಲ್ಲೇಖ ಎಂಬ ಅಂಕಿ, ವಿವರ ಐದನೆಯ ಹಂತದಲ್ಲಿ). ಸೈಟೇಶನ್ ಎಷ್ಟು ಬಂದಿದೆ ಎಂದು ಆ ಕೋಷ್ಟಕ ಕೇಳುವುದೇ ಇಲ್ಲ. ಪಿಎಚ್‌ಡಿ ಮಾರ್ಗದರ್ಶಕರಾಗಲು 2022ರ ನಿಯಮದಂತೆ ಪ್ರಾಧ್ಯಾಪಕರಿಗೆ ಪರಿಶೀಲಿತ (ತಜ್ಞರು ನೋಡಿ ಒಪ್ಪಿದ ಮೇಲೆ ಪ್ರಕಟಿಸುವ) ಜರ್ನಲ್‌ಗಳಲ್ಲಿ ಕನಿಷ್ಠ 5, ಸಹ ಮತ್ತು ಸಹಾಯಕ ಪ್ರಾಧ್ಯಾಪಕರಿಗೆ ಕನಿಷ್ಠ 3 ಲೇಖನ ಇದ್ದರಾಯಿತು. ಕೇಂದ್ರ ಸರ್ಕಾರ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಕೊಡುವ ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ಗೆ ಸಂಸ್ಥೆಯ ಲೆಕ್ಕ ಸ್ಕೋಪಸ್ ಮತ್ತು ವೆಬ್ ಆಫ್ ಸೈನ್ಸ್‌ನಿಂದ ಹೋಗುತ್ತದೆ. ಅಲ್ಲಿ ನಿಮ್ಮ ಗೂಗಲ್ ಸ್ಕಾಲರ್ ಅಂಕಿಗೆ ಬೆಲೆ ಇಲ್ಲ. ಅರ್ಜಿಯನ್ನು ಒಮ್ಮೆ ಪೂರ್ತಿ ಓದಿ, ಯಾವ ಅಂಕಣಕ್ಕೆ ಯಾವ ಮೂಲ ಎಂದು ಅಂಚಿನಲ್ಲಿ ಬರೆದುಕೊಂಡು ಮುಂದೆ ಹೋಗಿ.

ಮೊದಲ ಹಂತ: ನಿಮ್ಮದೇ ಪಟ್ಟಿ ಮಾಡಿ

ಕಂಪ್ಯೂಟರ್ ತೋರಿಸುವ ಪಟ್ಟಿಯಿಂದ ಶುರು ಮಾಡಬೇಡಿ. ಕಪಾಟಿನಲ್ಲಿರುವ ಪ್ರತಿಗಳಿಂದ, ಮೇಲ್ ಡಬ್ಬಿಯಲ್ಲಿರುವ ಸ್ವೀಕೃತಿ ಪತ್ರಗಳಿಂದ ಶುರು ಮಾಡಿ. ಎಕ್ಸೆಲ್ ಹಾಳೆಯಲ್ಲಿ ಒಂದು ಲೇಖನಕ್ಕೆ ಒಂದು ಸಾಲು. ಅಚ್ಚಾದಂತೆಯೇ ಶೀರ್ಷಿಕೆ, ಎಲ್ಲ ಲೇಖಕರ ಹೆಸರು ಅದೇ ಕ್ರಮದಲ್ಲಿ, ಜರ್ನಲ್ ಹೆಸರು, ಐಎಸ್‌ಎಸ್‌ಎನ್ (ಜರ್ನಲ್‌ನ ಗುರುತಿನ ಸಂಖ್ಯೆ), ಸಂಪುಟ, ಸಂಚಿಕೆ, ಪುಟ, ವರ್ಷ, ಡಿಒಐ (ಲೇಖನಕ್ಕೆ ಅಂತರಜಾಲದಲ್ಲಿರುವ ಶಾಶ್ವತ ಗುರುತು). ಇವುಗಳ ಪಕ್ಕದಲ್ಲಿ ಇನ್ನೆರಡು ಅಂಕಣ ಇರಲಿ: ಬರಹ ಯಾವ ಬಗೆಯದು, ನಿಮ್ಮ ಪಾತ್ರ ಏನು.

ಬರಹದ ಬಗೆ ಅಂದರೆ ಮೂಲ ಸಂಶೋಧನೆಯೇ, ಸಮೀಕ್ಷಾ ಲೇಖನವೇ, ರೋಗಿಯೊಬ್ಬರ ಪ್ರಕರಣ ವರದಿಯೇ, ಸಂಪಾದಕರಿಗೆ ಪತ್ರವೇ, ಸಮ್ಮೇಳನದ ಪ್ರಬಂಧವೇ, ಪುಸ್ತಕದ ಅಧ್ಯಾಯವೇ ಎಂಬುದು. ಇವನ್ನೆಲ್ಲ ಕೂಡಿಸಿ "ಒಟ್ಟು 62 ಪ್ರಕಟಣೆ" ಎಂದು ಬರೆದರೆ ಆಯ್ಕೆ ಸಮಿತಿಯಲ್ಲಿ ಕೂತ ಹಿರಿಯರು ಮೊದಲು ಮಾಡುವ ಕೆಲಸ ಅವನ್ನು ಬೇರ್ಪಡಿಸುವುದು. ಅವರಿಗೆ ಆ ತೊಂದರೆ ಕೊಡದೆ ನೀವೇ ಬೇರ್ಪಡಿಸಿ. ನಮ್ಮ ಕಾಲೇಜುಗಳ ಒಂದು ದಿನದ ವಿಚಾರ ಸಂಕಿರಣಗಳು ಪ್ರಬಂಧಗಳನ್ನೆಲ್ಲ ಸೇರಿಸಿ ಐಎಸ್‌ಬಿಎನ್ ಹಾಕಿ ಪುಸ್ತಕ ತರುತ್ತವಲ್ಲ, ಅವು ಪ್ರತ್ಯೇಕ ತಲೆಬರಹದಡಿ ಇರಲಿ. ಐಎಸ್‌ಬಿಎನ್ ಪುಸ್ತಕದ ಗುರುತಿನ ಸಂಖ್ಯೆ, ತಜ್ಞರು ಪರಿಶೀಲಿಸಿದ್ದಾರೆ ಎಂಬುದಕ್ಕೆ ಮುದ್ರೆಯಲ್ಲ.

ವರ್ಷದ ಗೊಂದಲ ಇನ್ನೊಂದು. ಲೇಖನ ಡಿಸೆಂಬರ್‌ನಲ್ಲಿ ಆನ್‌ಲೈನ್ ಬಂದು, ಮುಂದಿನ ಏಪ್ರಿಲ್‌ನಲ್ಲಿ ಸಂಚಿಕೆಗೆ ಸೇರಿರುತ್ತದೆ. ಎರಡರಲ್ಲಿ ಒಂದನ್ನು ಹಿಡಿದು ಕೊನೆವರೆಗೂ ಅದನ್ನೇ ಪಾಲಿಸಿ. ಪ್ರೀಪ್ರಿಂಟ್ (ಪರಿಶೀಲನೆಗೆ ಮುಂಚೆ ಅಂತರಜಾಲದಲ್ಲಿ ಹಾಕಿದ ಕರಡು) ಮತ್ತು ಅದರದೇ ಪ್ರಕಟಿತ ರೂಪ ಎರಡೂ ಸೇರಿ ಒಂದು ಲೇಖನವೇ. ಸ್ವೀಕೃತವಾಗಿ ಇನ್ನೂ ಬಾರದಿರುವುದು ಎಣಿಕೆಗೆ ಇಲ್ಲ. ಡಿಒಐ ಇದ್ದರೆ ಪ್ರತಿಯೊಂದನ್ನೂ ಒಮ್ಮೆ ತೆರೆದು ನೋಡಿ. ತೆರೆಯದ ಡಿಒಐ ಎಂದರೆ ಒಂದೋ ಬೆರಳಚ್ಚಿನ ತಪ್ಪು, ಇಲ್ಲವೇ ಜರ್ನಲ್ ಅದನ್ನು ನೋಂದಾಯಿಸಿಯೇ ಇಲ್ಲ.

ಎರಡನೆಯ ಹಂತ: ಹೆಸರು ಮತ್ತು ಊರು

ನಮ್ಮ ಭಾಗದಲ್ಲಿ ಇದು ದೊಡ್ಡ ತಲೆನೋವು. ಪಾಟೀಲ, ಕುಲಕರ್ಣಿ, ಹಿರೇಮಠ, ಬಿರಾದಾರ, ದೇಸಾಯಿ ಎಂಬ ಅಡ್ಡಹೆಸರಿನವರು ಒಂದೊಂದು ಕಾಲೇಜಿನಲ್ಲೇ ನಾಲ್ಕಾರು ಜನ ಸಿಗುತ್ತಾರೆ. ಅವರಲ್ಲಿ 'ಎಸ್. ಪಾಟೀಲ' ಎಂದು ಬರೆದುಕೊಳ್ಳುವವರನ್ನು ಸ್ಕೋಪಸ್‌ನಲ್ಲಿ ಹುಡುಕಿದರೆ ಮಹಾರಾಷ್ಟ್ರದವರೂ ಸೇರಿ ಉದ್ದ ಪಟ್ಟಿಯೇ ಬಂದು ನಿಲ್ಲುತ್ತದೆ. ಒಬ್ಬರ ಮೂತ್ರಪಿಂಡದ ಲೇಖನ ಇನ್ನೊಬ್ಬರ ಕಾಂಕ್ರೀಟ್ ಲೇಖನದ ಜೊತೆ ಒಂದೇ ಪ್ರೊಫೈಲಿನಲ್ಲಿ ಕೂತಿರುತ್ತದೆ. ಇದರ ಮೇಲೆ ಹೆಸರು ಬರೆಯುವ ಕ್ರಮ ಬೇರೆ: ಸ್ವಂತ ಹೆಸರು, ತಂದೆಯ ಹೆಸರು, ಅಡ್ಡಹೆಸರು. ಕೆಲವು ಜರ್ನಲ್ ತಂದೆಯ ಹೆಸರನ್ನು ಅಡ್ಡಹೆಸರೆಂದು ತಿಳಿದಿರುತ್ತವೆ. ಹಿರೇಮಠದ ಇಂಗ್ಲಿಷ್ ಕಾಗುಣಿತದಲ್ಲಿ ಕೊನೆಯ 'ಎಚ್' ಒಮ್ಮೆ ಇರುತ್ತದೆ, ಒಮ್ಮೆ ಇರುವುದಿಲ್ಲ. ಮದುವೆಯ ನಂತರ ಅಡ್ಡಹೆಸರು ಬದಲಿಸಿದ ಮಹಿಳೆಯರ ಮೊದಲ ಲೇಖನಗಳು ಬೇರೆಯೇ ವ್ಯಕ್ತಿಯ ಲೆಕ್ಕದಲ್ಲಿ ಉಳಿದುಬಿಡುತ್ತವೆ.

ಊರಿನದೂ ಅದೇ ಕಥೆ. 2014ರ ನವೆಂಬರ್ 1ರಂದು ಬೆಲ್ಗಾಂ ಬೆಳಗಾವಿಯಾಯಿತು, ಬಿಜಾಪುರ ವಿಜಯಪುರವಾಯಿತು. ಅದಕ್ಕೆ ಹಿಂದಿನ ಲೇಖನಗಳಲ್ಲಿ ಹಳೆಯ ಹೆಸರೇ ಇದೆ, ಇರಲೂಬೇಕು. ಬೆಳಗಾವಿಯ ಸ್ನಾತಕೋತ್ತರ ಕೇಂದ್ರ ಕರ್ನಾಟಕ ವಿಶ್ವವಿದ್ಯಾಲಯದ್ದಾಗಿತ್ತು, 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವಾಯಿತು. ವಿಜಯಪುರದ ಮಹಿಳಾ ವಿಶ್ವವಿದ್ಯಾಲಯಕ್ಕೆ ಅಕ್ಕಮಹಾದೇವಿಯವರ ಹೆಸರು ಬಂದದ್ದು 2017ರಲ್ಲಿ. ಕುರ್ಚಿ, ಕೋಣೆ ಬದಲಾಗದೆಯೇ ಒಬ್ಬ ಅಧ್ಯಾಪಕರ ಲೇಖನಗಳಲ್ಲಿ ಎರಡು ಮೂರು ಸಂಸ್ಥೆಗಳ ಹೆಸರು ಇರುವುದು ಹೀಗೆ. ಯಂತ್ರಕ್ಕೆ ಈ ಇತಿಹಾಸ ಗೊತ್ತಿಲ್ಲ. ಹೆಸರು ಒಂದೇ, ಸಂಸ್ಥೆ ಬೇರೆ ಎಂದು ಕಂಡರೆ ಅದು ಎರಡು ಪ್ರೊಫೈಲ್ ಮಾಡಿಬಿಡಬಹುದು.

ಪರಿಹಾರ ಆರ್ಕಿಡ್. 2012ರಲ್ಲಿ ಶುರುವಾದ ಈ ವ್ಯವಸ್ಥೆ ಪ್ರತಿ ಸಂಶೋಧಕರಿಗೆ 16 ಸ್ಥಾನಗಳ ಒಂದು ಸಂಖ್ಯೆ ಕೊಡುತ್ತದೆ. ಕೊನೆಯ ಸ್ಥಾನದಲ್ಲಿ ಕೆಲವರಿಗೆ ಅಂಕಿಯ ಬದಲು 'ಎಕ್ಸ್' ಬರುತ್ತದೆ, ಗಾಬರಿಯಾಗಬೇಡಿ. ನೋಂದಣಿ ಉಚಿತ. ಸಂಸ್ಥೆಯ ಮೇಲ್ ಜೊತೆಗೆ ಸ್ವಂತ ಮೇಲ್ ವಿಳಾಸವನ್ನೂ ತಪ್ಪದೆ ಸೇರಿಸಿ. ಕೆಲಸ ಬಿಟ್ಟು ಬೇರೆ ಕಡೆ ಹೋದಾಗ ಸಂಸ್ಥೆಯ ಮೇಲ್ ಸತ್ತುಹೋಗುತ್ತದೆ, ಅದರೊಂದಿಗೆ ಖಾತೆಗೆ ಹೋಗುವ ದಾರಿಯೂ ಮುಚ್ಚುತ್ತದೆ. 'ಇತರ ಹೆಸರುಗಳು' ಎಂಬಲ್ಲಿ ನಿಮ್ಮ ಹೆಸರಿನ ಎಲ್ಲ ಕಾಗುಣಿತಗಳನ್ನೂ ಹಳೆಯ ಅಡ್ಡಹೆಸರನ್ನೂ ಹಾಕಿ. ಮೊದಲ ಹಂತದ ಪಟ್ಟಿಯ ಡಿಒಐಗಳನ್ನು ಅಲ್ಲಿ ತುಂಬಿದರೆ ಲೇಖನದ ಉಳಿದ ವಿವರ ತಾನಾಗಿಯೇ ಬರುತ್ತದೆ.

ಆಮೇಲೆ ಸ್ಕೋಪಸ್‌ಗೆ ಬನ್ನಿ. ಚಂದಾ ಇಲ್ಲದವರಿಗೂ ಸ್ಕೋಪಸ್ ಪ್ರಿವ್ಯೂನಲ್ಲಿ ಲೇಖಕರನ್ನು ಹುಡುಕಲು ಬರುತ್ತದೆ. ನಿಮ್ಮ ಹೆಸರಿನಲ್ಲಿ ಎರಡು ಪ್ರೊಫೈಲ್ ಕಂಡರೆ ಅವನ್ನು ಕೂಡಿಸಲು, ನಿಮ್ಮದಲ್ಲದ ಲೇಖನ ತೆಗೆಯಲು ಅಲ್ಲೇ ಮನವಿ ಸಲ್ಲಿಸಬಹುದು. ನಿಮ್ಮದಲ್ಲದ್ದನ್ನು ತೆಗೆಸಿದರೆ ಅಂಕಿ ಇಳಿಯಬಹುದು. ಇಳಿಯಲಿ. ಸಂದರ್ಶನದಲ್ಲಿ "ಈ ಕಾಂಕ್ರೀಟ್ ಲೇಖನ ನಿಮ್ಮದೇನು ಡಾಕ್ಟರ್?" ಎಂದು ಕೇಳಿಸಿಕೊಳ್ಳುವುದಕ್ಕಿಂತ ಅದು ಮೇಲು. ವಿಶ್ವವಿದ್ಯಾಲಯ ಗ್ರಂಥಾಲಯಗಳ ಜಾಲವಾದ ಇನ್‌ಫ್ಲಿಬ್ನೆಟ್ ನಡೆಸುವ, ಸಂಶೋಧಕರ ಪರಿಚಯ ಇಡುವ ವಿದ್ವಾನ್ ತಾಣದಲ್ಲೂ ಆರ್ಕಿಡ್, ಸ್ಕೋಪಸ್ ಸಂಖ್ಯೆಗಳನ್ನು ಜೋಡಿಸಿಡಿ. ಸಂಸ್ಥೆಗಳು ನ್ಯಾಕ್ ಮೌಲ್ಯಮಾಪನದ ಸಮಯದಲ್ಲಿ ಅಲ್ಲಿಯ ಮಾಹಿತಿಯನ್ನು ಕೇಳುತ್ತವೆ.

ಮೂರನೆಯ ಹಂತ: ಮೂರು ಕಡೆಯಿಂದ ಅಂಕಿ ತೆಗೆಯಿರಿ

ಗೂಗಲ್ ಸ್ಕಾಲರ್ 2004ರಿಂದ ಇದೆ, ಉಚಿತ. ಜರ್ನಲ್ ಲೇಖನ ಮಾತ್ರವಲ್ಲ, ಪ್ರಬಂಧ, ಪುಸ್ತಕ, ಪ್ರೀಪ್ರಿಂಟ್, ಯಾವುದೋ ಕಾಲೇಜಿನ ತಾಣದಲ್ಲಿ ಬಿದ್ದಿರುವ ಪಿಡಿಎಫ್ ಸಹ ಅದಕ್ಕೆ ಸೈಟೇಶನ್ನೇ. ಅದರಿಂದಲೇ ಅಲ್ಲಿ ಅಂಕಿ ದೊಡ್ಡದು. ಪ್ರೊಫೈಲ್ ಮಾಡುವಾಗ ಸಂಸ್ಥೆಯ ಮೇಲ್‌ನಿಂದ ದೃಢೀಕರಿಸಿ. ಲೇಖನ ಸೇರಿಸುವಾಗ ಅದು ಗುಂಪು ಗುಂಪಾಗಿ ತೋರಿಸಿ "ಎಲ್ಲ ನಿಮ್ಮವೇ?" ಎನ್ನುತ್ತದೆ. ಹೂಂ ಅನ್ನಬೇಡಿ, ಒಂದೊಂದಾಗಿ ಆರಿಸಿ. ಹೊಸ ಲೇಖನ ತಾನೇ ಸೇರಿಸುವ ಆಯ್ಕೆಯನ್ನು ಬಿಟ್ಟು, ಮೊದಲು ಮೇಲ್ ಮಾಡಿ ಕೇಳುವ ಆಯ್ಕೆ ಹಾಕಿ. ಪಾಟೀಲರು, ಕುಲಕರ್ಣಿಯವರು ಇದನ್ನು ಇವತ್ತೇ ಮಾಡುವುದು ಒಳ್ಳೆಯದು. ಒಂದೇ ಲೇಖನ ಎರಡು ಸಾಲಿನಲ್ಲಿ ಬಂದಿದ್ದರೆ ಎರಡನ್ನೂ ಗುರುತು ಮಾಡಿ ವಿಲೀನಗೊಳಿಸಿ. ಹಾಗೆ ಬಿಟ್ಟರೆ ಸೈಟೇಶನ್ ಒಡೆದು ಎಚ್-ಇಂಡೆಕ್ಸ್ ಕಡಿಮೆಯಾಗಿ ಕಾಣಬಹುದು.

ಸ್ಕೋಪಸ್ ಕೂಡ 2004ರದೇ, ಎಲ್ಸೆವಿಯರ್ ಕಂಪನಿಯದು. ಆಯ್ದ ಜರ್ನಲ್‌ಗಳಲ್ಲಿ ಬಂದ ಲೇಖನ, ಆ ಆಯ್ದ ಗುಂಪಿನಿಂದಲೇ ಬಂದ ಉಲ್ಲೇಖ, ಇಷ್ಟನ್ನು ಎಣಿಸುತ್ತದೆ. ವೆಬ್ ಆಫ್ ಸೈನ್ಸ್ ಇವೆರಡಕ್ಕೂ ಹಿರಿಯ. ಯೂಜಿನ್ ಗಾರ್‌ಫೀಲ್ಡ್ 1964ರಲ್ಲಿ ತಂದ ಸೈನ್ಸ್ ಸೈಟೇಶನ್ ಇಂಡೆಕ್ಸ್ ಅದರ ಮೂಲ, ಈಗ ಕ್ಲಾರಿವೇಟ್ ಕಂಪನಿಯ ಕೈಯಲ್ಲಿದೆ. ಆಯ್ಕೆ ಇನ್ನೂ ಬಿಗಿ, ಅಂಕಿ ಇನ್ನೂ ಸಣ್ಣದು. ವೈದ್ಯಕೀಯದವರು ಪಬ್‌ಮೆಡ್ ಅನ್ನು ನಾಲ್ಕನೆಯದೆಂದು ತಿಳಿಯುತ್ತಾರೆ. ಲೇಖನ ಹುಡುಕಲು ಅದು ಉತ್ತಮ, ಆದರೆ ಎಚ್-ಇಂಡೆಕ್ಸ್ ಅಲ್ಲಿ ಸಿಗುವುದಿಲ್ಲ.

ಚಂದಾ ಇಲ್ಲದ ಸಣ್ಣ ಕಾಲೇಜುಗಳಲ್ಲಿ ಇರುವವರು ಓಪನ್‌ಅಲೆಕ್ಸ್ ನೋಡಬಹುದು. 2022ರ ಜನವರಿಯಲ್ಲಿ ಶುರುವಾದ ಈ ಮುಕ್ತ ದತ್ತಾಂಶ, ಆಗಷ್ಟೇ ನಿಂತಿದ್ದ ಮೈಕ್ರೋಸಾಫ್ಟ್‌ನ ಶೈಕ್ಷಣಿಕ ದತ್ತಾಂಶದ ಜಾಗ ತುಂಬಿತು. ಆನ್-ವಿಲ್ ಹಾರ್ಜಿಂಗ್ ಅವರು 2006ರಿಂದ ಉಚಿತವಾಗಿ ಕೊಡುತ್ತಿರುವ 'ಪಬ್ಲಿಷ್ ಆರ್ ಪೆರಿಷ್' ಎಂಬ ತಂತ್ರಾಂಶ ಹಾಕಿಕೊಂಡರೆ ಗೂಗಲ್ ಸ್ಕಾಲರ್, ಓಪನ್‌ಅಲೆಕ್ಸ್ ಎರಡರಿಂದಲೂ ಪಟ್ಟಿ ತಂದು, ಸೂಚ್ಯಂಕಗಳನ್ನೆಲ್ಲ ಒಂದೇ ಪರದೆಯಲ್ಲಿ ಇಡುತ್ತದೆ. ಪಟ್ಟಿಯಲ್ಲಿ ನಿಮ್ಮದಲ್ಲದ್ದರ ಗುರುತು ತೆಗೆದರೆ ಲೆಕ್ಕವೂ ಅಲ್ಲೇ ಬದಲಾಗುತ್ತದೆ.

ನಿಮ್ಮ ಎಕ್ಸೆಲ್ ಹಾಳೆಗೆ ಮೂರು ಅಂಕಣ ಸೇರಿಸಿ, ಪ್ರತಿ ಲೇಖನದ ಎದುರು ಮೂರೂ ಕಡೆಯ ಸೈಟೇಶನ್ ಬರೆಯಿರಿ. ಮೂರನ್ನೂ ಒಂದೇ ದಿನ ತೆಗೆಯಿರಿ, ದಿನಾಂಕ ಹಾಕಿ. ಮೂರು ಅಂಕಿಗಳನ್ನು ಕೂಡಿಸುವಂತಿಲ್ಲ, ಸರಾಸರಿ ತೆಗೆಯುವಂತೆಯೂ ಇಲ್ಲ. ಒಂದೇ ಉಲ್ಲೇಖ ಮೂರೂ ಕಡೆ ಎಣಿಕೆಯಾಗಿರುತ್ತದೆ.

ನಾಲ್ಕನೆಯ ಹಂತ: ಕೈಯಲ್ಲೇ ಲೆಕ್ಕ

ಎಚ್-ಇಂಡೆಕ್ಸ್ ಅನ್ನು ಭೌತವಿಜ್ಞಾನಿ ಹಾರ್ಹೆ ಹಿರ್ಷ್ 2005ರಲ್ಲಿ ಮುಂದಿಟ್ಟರು. ತಾಣವೇ ತೋರಿಸುತ್ತದೆ, ಮತ್ತೇಕೆ ಕೈಲೆಕ್ಕ ಎನ್ನಬೇಡಿ. ಒಮ್ಮೆ ಕೈಯಲ್ಲಿ ಮಾಡಿದವರಿಗೆ ಅದು ಏನನ್ನು ಮುಚ್ಚಿಡುತ್ತದೆ ಎಂಬುದೂ ತಿಳಿಯುತ್ತದೆ.

ಒಬ್ಬ ಅಧ್ಯಾಪಕಿಯ 12 ಲೇಖನಗಳಿವೆ ಎನ್ನಿ. ಸೈಟೇಶನ್ ಹೆಚ್ಚಿನಿಂದ ಕಡಿಮೆಗೆ ಜೋಡಿಸಿದರೆ: 34, 19, 12, 9, 8, 6, 5, 3, 2, 1, 0, 0. ಎಡದಿಂದ ಎಣಿಸುತ್ತ ಬನ್ನಿ. ಆರನೆಯ ಲೇಖನಕ್ಕೆ 6 ಉಲ್ಲೇಖ ಇದೆ, ಸರಿ. ಏಳನೆಯದಕ್ಕೆ 7 ಬೇಕಿತ್ತು, 5 ಮಾತ್ರ ಇದೆ. ನಿಲ್ಲಿ. ಎಚ್-ಇಂಡೆಕ್ಸ್ 6. ಅಂದರೆ ಕನಿಷ್ಠ ಆರಾರು ಬಾರಿ ಉಲ್ಲೇಖವಾದ ಆರು ಲೇಖನಗಳು ಇವರಿಗಿವೆ.

ಈಗ ಮೊದಲ ಲೇಖನದ 34ನ್ನು ಅಳಿಸಿ 340 ಎಂದು ಬರೆಯಿರಿ. ಎಚ್-ಇಂಡೆಕ್ಸ್ ಅಲ್ಲಾಡುವುದಿಲ್ಲ, ಅದೇ 6. ಜೀವಮಾನದಲ್ಲಿ ಒಂದೇ ಒಂದು ದೊಡ್ಡ ಕೆಲಸ ಮಾಡಿದವರಿಗೆ ಈ ಅಳತೆಗೋಲಿನಲ್ಲಿ ನ್ಯಾಯ ಸಿಗುವುದಿಲ್ಲ. ಇದನ್ನು ಸರಿಪಡಿಸಲೆಂದೇ ಲಿಯೋ ಎಗ್ಗೆ 2006ರಲ್ಲಿ ಜಿ-ಇಂಡೆಕ್ಸ್ ತಂದರು. ಅದರಲ್ಲಿ ಸೈಟೇಶನ್‌ಗಳನ್ನು ಕೂಡಿಸುತ್ತ ಹೋಗಬೇಕು, ಮೊತ್ತವು ಸಾಲಿನ ಸಂಖ್ಯೆಯ ವರ್ಗಕ್ಕಿಂತ ಕಡಿಮೆಯಾಗುವ ತನಕ. ನಮ್ಮ ಉದಾಹರಣೆಯಲ್ಲಿ ಒಂಬತ್ತನೆಯ ಲೇಖನದ ಹೊತ್ತಿಗೆ ಮೊತ್ತ 98, ಒಂಬತ್ತರ ವರ್ಗ 81. ಹತ್ತನೆಯದಕ್ಕೆ ಮೊತ್ತ 99, ಹತ್ತರ ವರ್ಗ 100. ಒಂದೇ ಒಂದು ಕಡಿಮೆ ಬಿತ್ತು. ಹಾಗಾಗಿ ಜಿ-ಇಂಡೆಕ್ಸ್ 9.

ಐ10-ಇಂಡೆಕ್ಸ್ ಗೂಗಲ್ ಸ್ಕಾಲರ್‌ನದೇ ಸೃಷ್ಟಿ: ಹತ್ತು ಅಥವಾ ಹೆಚ್ಚು ಬಾರಿ ಉಲ್ಲೇಖವಾದ ಲೇಖನಗಳು ಎಷ್ಟು ಎಂಬುದು. ಇಲ್ಲಿ 3. ಒಟ್ಟು ಸೈಟೇಶನ್ 99, ಸರಾಸರಿ ಲೇಖನಕ್ಕೆ 8.25. ಈ ಸರಾಸರಿಯನ್ನು ನಾನು ನಂಬುವುದಿಲ್ಲ. ಒಂದು ಲೇಖನ ಮೂರನೆಯ ಒಂದು ಭಾಗವನ್ನು ಹೊತ್ತುಕೊಂಡಿರುವಾಗ ಸರಾಸರಿ ಯಾರ ಮುಖವನ್ನೂ ತೋರಿಸುವುದಿಲ್ಲ. ನಡುವಿನ ಬೆಲೆ (ಆರನೆಯ, ಏಳನೆಯ ಅಂಕಿಗಳ ಮಧ್ಯ) 5.5 ಎಂದು ಬರೆದರೆ ಚಿತ್ರ ಹೆಚ್ಚು ಪ್ರಾಮಾಣಿಕ.

ಇನ್ನು ಸ್ವಂತ ಉಲ್ಲೇಖ. ಹಿಂದಿನ ಕೆಲಸದ ಮೇಲೆ ಹೊಸದನ್ನು ಕಟ್ಟುವವರು ತಮ್ಮನ್ನು ತಾವು ಉಲ್ಲೇಖಿಸುವುದು ತಪ್ಪಲ್ಲ, ಲೆಕ್ಕದಲ್ಲಿ ಬಿಡಿಸಿ ತೋರಿಸಿದರೆ ಸಾಕು. ಮೇಲಿನ 99ರಲ್ಲಿ 17 ಅವರವೇ ಎಂದುಕೊಳ್ಳೋಣ. ಅವನ್ನು ಕಳೆದ ಮೇಲೆ 30, 17, 11, 7, 6, 4, 4, 2, 1, 0, 0, 0 ಉಳಿಯುತ್ತದೆ. ಒಟ್ಟು 82, ಎಚ್-ಇಂಡೆಕ್ಸ್ 5. ಸ್ಕೋಪಸ್ ಚಂದಾ ಇರುವಲ್ಲಿ ಸ್ವಂತ ಉಲ್ಲೇಖ ಕಳೆಯುವ ಆಯ್ಕೆ ಇದೆ. ಗೂಗಲ್ ಸ್ಕಾಲರ್‌ನಲ್ಲಿ ಇಲ್ಲ, ಪ್ರತಿ ಲೇಖನದ ಉಲ್ಲೇಖ ಪಟ್ಟಿ ತೆರೆದು ಕೈಯಿಂದಲೇ ಎಣಿಸಬೇಕು. ನಾಲ್ಕು ಜನ ಗೆಳೆಯರು ಒಬ್ಬರನ್ನೊಬ್ಬರು ಉಲ್ಲೇಖಿಸಿಕೊಳ್ಳುವ ಒಪ್ಪಂದವನ್ನು ಯಾವ ತಾಣವೂ ಕಳೆಯುವುದಿಲ್ಲ. ಆದರೆ ಪಟ್ಟಿ ತೆರೆದು ನೋಡುವ ಪರೀಕ್ಷಕರಿಗೆ ಅದೇ ನಾಲ್ಕು ಹೆಸರು ಮತ್ತೆ ಮತ್ತೆ ಕಾಣುವುದು ತಪ್ಪುವುದಿಲ್ಲ.

ಐದನೆಯ ಹಂತ: ಜರ್ನಲ್‌ನ ಅಂಕಿ ಜರ್ನಲ್‌ಗೆ, ನಿಮಗಲ್ಲ

ಇಂಪ್ಯಾಕ್ಟ್ ಫ್ಯಾಕ್ಟರ್ ಎಂದರೆ ಒಂದು ಜರ್ನಲ್ ಹಿಂದಿನ ಎರಡು ವರ್ಷಗಳಲ್ಲಿ ಪ್ರಕಟಿಸಿದ್ದಕ್ಕೆ ಈ ವರ್ಷ ಬಂದ ಉಲ್ಲೇಖಗಳನ್ನು, ಆ ಎರಡು ವರ್ಷಗಳ ಲೇಖನಗಳ ಸಂಖ್ಯೆಯಿಂದ ಭಾಗಿಸಿದ್ದು. ಒಳ್ಳೆಯ ಶಾಲೆಯಲ್ಲಿ ಓದಿದ ಎಲ್ಲರೂ ಜಾಣರೆಂದು ಹೇಳಲಾಗದು, ಹಾಗೆಯೇ ದೊಡ್ಡ ಜರ್ನಲ್‌ನಲ್ಲಿ ಬಂದ ಲೇಖನಕ್ಕೂ ಒಂದೂ ಉಲ್ಲೇಖ ಬರದೇ ಇರಬಹುದು. 2013ರಲ್ಲಿ ಪ್ರಕಟವಾದ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆ ಇದನ್ನೇ ಹೇಳಿತು: ವ್ಯಕ್ತಿಯನ್ನು ಅಳೆಯಲು ಜರ್ನಲ್‌ನ ಅಂಕಿ ಬಳಸಬೇಡಿ. ನಮ್ಮ ಅಂಕಪಟ್ಟಿ ಮಾತ್ರ ಅದನ್ನು ಬಳಸುತ್ತಲೇ ಇದೆ, ಹಾಗಾಗಿ ಲೆಕ್ಕ ಗೊತ್ತಿರಲಿ.

2018ರ ಯುಜಿಸಿ ಕೋಷ್ಟಕದಲ್ಲಿ ವಿಜ್ಞಾನ, ಎಂಜಿನಿಯರಿಂಗ್, ಕೃಷಿ, ವೈದ್ಯಕೀಯದ ಪರಿಶೀಲಿತ ಲೇಖನಕ್ಕೆ 8 ಅಂಕ, ಭಾಷೆ, ಮಾನವಿಕ, ಸಮಾಜ ವಿಜ್ಞಾನ, ವಾಣಿಜ್ಯಕ್ಕೆ 10. ಅದರ ಮೇಲೆ ಇಂಪ್ಯಾಕ್ಟ್ ಫ್ಯಾಕ್ಟರ್ ಇಲ್ಲದ ಪರಿಶೀಲಿತ ಜರ್ನಲ್‌ಗೆ 5, ಒಂದಕ್ಕಿಂತ ಕಡಿಮೆಯಿದ್ದರೆ 10, 1ರಿಂದ 2ಕ್ಕೆ 15, 2ರಿಂದ 5ಕ್ಕೆ 20, 5ರಿಂದ 10ಕ್ಕೆ 25, ಹತ್ತು ದಾಟಿದರೆ 30. ಇಬ್ಬರು ಲೇಖಕರಿದ್ದರೆ ಇಬ್ಬರಿಗೂ ಶೇ. 70. ಮೂವರು ಅಥವಾ ಹೆಚ್ಚಿದ್ದರೆ ಮೊದಲ, ಪ್ರಧಾನ ಅಥವಾ ಸಂಪರ್ಕ ಲೇಖಕರಿಗೆ (ಜರ್ನಲ್ ಜೊತೆ ಪತ್ರವ್ಯವಹಾರ ಮಾಡುವವರು) ಶೇ. 70, ಉಳಿದ ಪ್ರತಿಯೊಬ್ಬರಿಗೆ ಶೇ. 30. ಉದಾಹರಣೆಗೆ 1.6 ಇಂಪ್ಯಾಕ್ಟ್ ಫ್ಯಾಕ್ಟರ್‌ನ ಜರ್ನಲ್‌ನಲ್ಲಿ ಮೂವರು ಬರೆದ ವಿಜ್ಞಾನ ಲೇಖನ: 8 ಮತ್ತು 15 ಸೇರಿ 23. ಸಂಪರ್ಕ ಲೇಖಕರಿಗೆ 16.1, ಉಳಿದವರಿಗೆ ತಲಾ 6.9. ನಿಮ್ಮ ಪಾತ್ರದ ಅಂಕಣ ಯಾಕೆ ಬೇಕೆಂದು ಈಗ ಗೊತ್ತಾಗಿರಬೇಕು.

ಕೋಷ್ಟಕ 'ಥಾಮ್ಸನ್ ರಾಯಿಟರ್ಸ್ ಪಟ್ಟಿ' ಎನ್ನುತ್ತದೆ. ಇಂಪ್ಯಾಕ್ಟ್ ಫ್ಯಾಕ್ಟರ್ ಕೊಡುವ ಆ ವ್ಯವಹಾರ 2016ರಲ್ಲೇ ಕ್ಲಾರಿವೇಟ್ ಆಯಿತು. ಹಾಗಾಗಿ ಕ್ಲಾರಿವೇಟ್ ಕೊಟ್ಟ ಅಂಕಿ ಮಾತ್ರ ಇಂಪ್ಯಾಕ್ಟ್ ಫ್ಯಾಕ್ಟರ್. ಸ್ಕೋಪಸ್‌ನ ಸೈಟ್‌ಸ್ಕೋರ್ ಬೇರೆ ಲೆಕ್ಕ, ನಾಲ್ಕು ವರ್ಷಗಳದ್ದು. ಇದನ್ನು ಅದರ ಜಾಗದಲ್ಲಿ ತುಂಬಬೇಡಿ. ಜರ್ನಲ್‌ನ ಮುಖಪುಟದಲ್ಲೇ "ಇಂಪ್ಯಾಕ್ಟ್ ಫ್ಯಾಕ್ಟರ್ 7.834" ಎಂದು ಮಿಣುಗುತ್ತಿದ್ದರೆ ಅನುಮಾನಿಸಿ. ಕ್ಲಾರಿವೇಟ್ 2023ರಿಂದ ಒಂದೇ ದಶಮಾಂಶ ಸ್ಥಾನ ಕೊಡುತ್ತಿದೆ. ಹಣ ಪಡೆದು ಇಂಥ ಅಂಕಿ ಹಂಚುವ ಅಂಗಡಿಗಳು ಬೇಕಾದಷ್ಟಿವೆ. ಜರ್ನಲ್ ಅಸಲಿಯೇ ಎಂದು ನೋಡಲು ಕ್ಲಾರಿವೇಟ್‌ನ ಮಾಸ್ಟರ್ ಜರ್ನಲ್ ಲಿಸ್ಟ್‌ನಲ್ಲಿ, ಸ್ಕೋಪಸ್‌ನ ಮೂಲಪಟ್ಟಿಯಲ್ಲಿ ಐಎಸ್‌ಎಸ್‌ಎನ್ ಹಾಕಿ ಹುಡುಕಿ. ಹೆಸರು ಹಾಕಿ ಹುಡುಕಿದರೆ ಹಳೆಯ ಜರ್ನಲ್‌ನ ಹೆಸರು ಕದ್ದ ನಕಲಿ ತಾಣಕ್ಕೂ ಹಸಿರು ನಿಶಾನೆ ಸಿಕ್ಕಂತಾಗುತ್ತದೆ. ಸ್ಕೋಪಸ್‌ನಲ್ಲಿ ಯಾವ ವರ್ಷದಿಂದ ಯಾವ ವರ್ಷದವರೆಗೆ ಸೇರ್ಪಡೆ ಇದೆ ಎಂಬುದನ್ನೂ ನೋಡಿ, ಕೈಬಿಟ್ಟ ಜರ್ನಲ್‌ಗಳು ಅನೇಕ.

2019ರಿಂದ ನಡೆದ ಯುಜಿಸಿ-ಕೇರ್ ಪಟ್ಟಿಯನ್ನು (ಯುಜಿಸಿ ಒಪ್ಪಿದ ಜರ್ನಲ್‌ಗಳ ಪಟ್ಟಿ) 2025ರ ಫೆಬ್ರವರಿಯಲ್ಲಿ ಯುಜಿಸಿ ಕೈಬಿಟ್ಟಿತು. ಜರ್ನಲ್ ಆಯ್ಕೆಯ ಹೊಣೆ ಈಗ ಸಂಸ್ಥೆಗಳದು, ಅಧ್ಯಾಪಕರದು. ಕೇರ್ ಕಾಲದ ಲೇಖನಗಳಿಗೆ, ಆಗ ಜರ್ನಲ್ ಪಟ್ಟಿಯಲ್ಲಿತ್ತು ಎಂಬ ಪುರಾವೆ ನಿಮ್ಮಲ್ಲಿದ್ದರೆ ಎಸೆಯಬೇಡಿ.

ಆರನೆಯ ಹಂತ: ಹೋಲಿಸುವುದಿದ್ದರೆ ಸರಿಸಮರ ಜೊತೆ

ವೈದ್ಯಕೀಯದವರ ಎಚ್-ಇಂಡೆಕ್ಸ್ 20ನ್ನು ಗಣಿತದವರ 6ರ ಪಕ್ಕ ಇಟ್ಟು ತೂಗುವುದು ಅನ್ಯಾಯ. ಗಣಿತದಲ್ಲಿ ಲೇಖನಗಳೇ ಕಡಿಮೆ, ಪ್ರತಿ ಲೇಖನದ ಕೊನೆಯ ಉಲ್ಲೇಖ ಪಟ್ಟಿಯೂ ಚಿಕ್ಕದು. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನಂತೆ ಬಹುದೇಶಗಳ ತಾಯಿ-ಮಗು ಆರೋಗ್ಯ ಸಂಶೋಧನಾ ಜಾಲದಲ್ಲಿ ಇರುವ ಸಂಸ್ಥೆಗಳಲ್ಲಿ ಒಂದು ಲೇಖನಕ್ಕೆ ಹತ್ತಾರು ಲೇಖಕರಿರುತ್ತಾರೆ, ಉಲ್ಲೇಖ ಎಲ್ಲರ ಖಾತೆಗೂ ಪೂರ್ತಿಯಾಗಿ ಬೀಳುತ್ತದೆ. ಜಮಖಂಡಿಯ ಪದವಿ ಕಾಲೇಜಿನಲ್ಲಿ ವಾರವಿಡೀ ಪಾಠ ಮಾಡಿ ಒಬ್ಬರೇ ಬರೆಯುವವರೊಂದಿಗೆ ಇದನ್ನು ಹೋಲಿಸುವುದು ಹೇಗೆ?

ವಿಷಯವಾರು ಹೋಲಿಕೆಗೆ ಸ್ಕೋಪಸ್‌ನ 'ಎಫ್‌ಡಬ್ಲ್ಯುಸಿಐ' ಇದೆ. ಅದೇ ವಿಷಯ, ಅದೇ ವರ್ಷ, ಅದೇ ಬಗೆಯ ಲೇಖನಗಳ ಜಾಗತಿಕ ಸರಾಸರಿಯನ್ನು 1 ಎಂದಿಟ್ಟುಕೊಂಡು ನಿಮ್ಮದು ಎಷ್ಟು ಎಂದು ಹೇಳುತ್ತದೆ. 1.4 ಎಂದರೆ ಸರಾಸರಿಗಿಂತ ಶೇ. 40 ಹೆಚ್ಚು. ಹತ್ತಿಪ್ಪತ್ತು ಲೇಖನ ಇದ್ದವರಿಗೆ ಒಂದೇ ಲೇಖನ ಇದನ್ನು ಮೇಲಕ್ಕೆಳೆದುಬಿಡುತ್ತದೆ. ಸೇವಾವಧಿಯ ವ್ಯತ್ಯಾಸಕ್ಕೆ ಹಿರ್ಷ್ ಅವರೇ ಸೂಚಿಸಿದ ದಾರಿ: ಎಚ್-ಇಂಡೆಕ್ಸ್ ಅನ್ನು ಮೊದಲ ಲೇಖನದಿಂದ ಇಲ್ಲಿಯತನಕದ ವರ್ಷಗಳಿಂದ ಭಾಗಿಸಿ. ನಮ್ಮ ಅಧ್ಯಾಪಕಿ ಒಂಬತ್ತು ವರ್ಷದಿಂದ ಬರೆಯುತ್ತಿದ್ದರೆ 0.67. ಹೆರಿಗೆ ರಜೆ, ದೀರ್ಘ ಅನಾರೋಗ್ಯದ ವರ್ಷಗಳಿದ್ದರೆ ಪಕ್ಕದಲ್ಲಿ ಬರೆಯಲು ಸಂಕೋಚ ಬೇಡ.

ಕನ್ನಡದಲ್ಲಿ ಬರೆಯುವವರು ಏನು ಮಾಡಬೇಕು?

ಇಲ್ಲಿ ಈ ಯಂತ್ರಗಳು ಕೈಚೆಲ್ಲುತ್ತವೆ. ವಿಜಯಪುರದಲ್ಲಿ ವಕೀಲಿಕೆ ಮಾಡುತ್ತ ವಚನಗಳ ತಾಡೋಲೆ ಹುಡುಕಿ, ತಾವೇ ಮುದ್ರಣಾಲಯ ಹಾಕಿ ಅಚ್ಚು ಮಾಡಿಸಿದ ಫ. ಗು. ಹಳಕಟ್ಟಿಯವರ ಕೆಲಸವನ್ನು ಮುಟ್ಟದೆ ವಚನ ಸಂಶೋಧನೆ ಇವತ್ತಿಗೂ ಮುಂದೆ ಹೋಗದು. ಆ ಉಲ್ಲೇಖಗಳೆಲ್ಲ ಕನ್ನಡ ಪುಸ್ತಕಗಳ ಅಡಿಟಿಪ್ಪಣಿಯಲ್ಲಿವೆ. ಸ್ಕೋಪಸ್ ಅಡಿಟಿಪ್ಪಣಿ ಎಣಿಸಬಲ್ಲದು, ಆದರೆ ಆ ಪುಸ್ತಕಗಳೇ ಅದರ ಕಪಾಟಿನಲ್ಲಿ ಇಲ್ಲ.

ಹಾಗೆಂದು ಕನ್ನಡ ವಿಭಾಗದವರು ಅಂಕಣವನ್ನು ಖಾಲಿ ಬಿಡಬೇಕಿಲ್ಲ. ಪುರಾವೆಯ ಕಡತವೊಂದನ್ನು ಕೈಯಾರೆ ಕಟ್ಟಬೇಕು. ಮೊದಲು ಗೂಗಲ್ ಸ್ಕಾಲರ್‌ನಲ್ಲಿ ನಿಮ್ಮ ಪುಸ್ತಕದ ಹೆಸರನ್ನು ಕನ್ನಡ ಲಿಪಿಯಲ್ಲಿ ಒಮ್ಮೆ, ಇಂಗ್ಲಿಷ್ ಅಕ್ಷರಗಳ ಎರಡು ಮೂರು ಕಾಗುಣಿತಗಳಲ್ಲಿ ಮತ್ತೊಮ್ಮೆ ಹುಡುಕಿ. ಆಮೇಲೆ ಶೋಧಗಂಗಾ. ನಿಮ್ಮ ವಿಷಯದ ಪಿಎಚ್‌ಡಿ ಪ್ರಬಂಧಗಳು ಅಲ್ಲಿ ಸಿಗುತ್ತವೆ, ಆದರೆ ಕನ್ನಡದವು ಎಷ್ಟೋ ಸಲ ಸ್ಕ್ಯಾನ್ ಮಾಡಿದ ಚಿತ್ರಗಳು. ಒಳಗಿನ ಅಕ್ಷರ ಹುಡುಕಾಟಕ್ಕೆ ಸಿಗುವುದಿಲ್ಲ. ಆಕರ ಗ್ರಂಥಗಳ ಪುಟಗಳನ್ನು ತೆರೆದು ಕಣ್ಣಿಂದಲೇ ನೋಡಬೇಕು. ನೋಡಿದಾಗ ಪ್ರಬಂಧದ ಹೆಸರು, ವಿಶ್ವವಿದ್ಯಾಲಯ, ವರ್ಷ, ಪುಟಸಂಖ್ಯೆ ಬರೆದಿಟ್ಟು ಆ ಪುಟವನ್ನು ಉಳಿಸಿಕೊಳ್ಳಿ. ಇದಲ್ಲದೆ ಪತ್ರಿಕೆಗಳ ವಿಮರ್ಶೆ, ಪುಸ್ತಕ ಪಠ್ಯವಾದ ವಿಶ್ವವಿದ್ಯಾಲಯ ಮತ್ತು ವರ್ಷ, ಮರುಮುದ್ರಣಗಳು, ಇನ್‌ಫ್ಲಿಬ್ನೆಟ್‌ನ ಒಟ್ಟು ಪುಸ್ತಕ ಪಟ್ಟಿ ಇಂಡ್‌ಕ್ಯಾಟ್‌ನಲ್ಲಿ ನಿಮ್ಮ ಪುಸ್ತಕ ಇದೆಯೆಂದು ಕಾಣುವ ಗ್ರಂಥಾಲಯಗಳ ಸಂಖ್ಯೆ, ಇವೂ ಸೇರಲಿ. ಯುಜಿಸಿ ಕೋಷ್ಟಕದಲ್ಲಿ ರಾಷ್ಟ್ರೀಯ ಪ್ರಕಾಶಕರ ಪುಸ್ತಕಕ್ಕೆ 10, ಸಂಪಾದಿತ ಗ್ರಂಥದಲ್ಲಿ ಅಧ್ಯಾಯಕ್ಕೆ 5, ಪುಸ್ತಕದ ಅನುವಾದಕ್ಕೆ 8 ಅಂಕ ಇವೆ. ಅನುವಾದದ ಅಂಕವನ್ನು ಮರೆಯುವವರೇ ಹೆಚ್ಚು.

ಮುಂದೆ ಬರೆಯುವವರಿಗೆ ಒಂದು ಮಾತು. ಯೂನಿಕೋಡ್ ಅಲ್ಲದ ಹಳೆಯ ನುಡಿ, ಬರಹ ಫಾಂಟಿನಲ್ಲಿ ಅಚ್ಚಾದ ಲೇಖನದ ಪಿಡಿಎಫ್ ನಮ್ಮ ಕಣ್ಣಿಗೆ ಕನ್ನಡ, ಯಂತ್ರಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಅಂಥ ಲೇಖನ ಹುಡುಕಾಟಕ್ಕೆ ಎಂದೂ ಸಿಗದು, ಸಿಗದ್ದಕ್ಕೆ ಉಲ್ಲೇಖವೂ ಬಾರದು. ಸಂಪಾದಕರ ಬೆನ್ನುಬಿದ್ದು ಯೂನಿಕೋಡ್‌ನಲ್ಲಿ ಹಾಕಿಸಿ, ಇಂಗ್ಲಿಷಿನಲ್ಲಿ ಶೀರ್ಷಿಕೆ ಮತ್ತು ನಾಲ್ಕು ಸಾಲಿನ ಸಾರಾಂಶ ಕೊಡಿ.

ಸೈಟೇಶನ್ ತಲುಪದ ಜಾಗ

ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 2002ರಿಂದ 2005ರ ನಡುವೆ ಒಂದು ಪ್ರಯೋಗ ನಡೆಯಿತು. ಹೆರಿಗೆಯ ನಂತರದ ರಕ್ತಸ್ರಾವ ತಡೆಯಲು ಮಿಸೊಪ್ರೊಸ್ಟಾಲ್ ಮಾತ್ರೆ ಉಪಯೋಗವಾದೀತೇ ಎಂದು ಕಿರಿಯ ಆರೋಗ್ಯ ಸಹಾಯಕಿಯರ ಕೈಯಿಂದ 1,620 ಮಹಿಳೆಯರಲ್ಲಿ ಪರೀಕ್ಷಿಸಿದರು. ರಕ್ತಸ್ರಾವದ ಪ್ರಮಾಣ ಶೇ. 12ರಿಂದ 6.4ಕ್ಕೆ ಇಳಿಯಿತು. 2006ರಲ್ಲಿ ವೈದ್ಯಕೀಯ ಜರ್ನಲ್ ಲ್ಯಾನ್ಸೆಟ್‌ನಲ್ಲಿ ಪ್ರಕಟವಾದ ಈ ಲೇಖನಕ್ಕೆ ಉಲ್ಲೇಖಗಳೇನೋ ಧಾರಾಳವಾಗಿ ಬಂದವು. ಆದರೆ 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗಾಗಿ ಮಾತ್ರೆಯನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದ್ದು ಯಾರ ಎಚ್-ಇಂಡೆಕ್ಸ್‌ನಲ್ಲೂ ಕಾಣುವುದಿಲ್ಲ. ಬಾಗಲಕೋಟೆಯ ತೋಟಗಾರಿಕಾ ವಿಶ್ವವಿದ್ಯಾಲಯದವರು ದಾಳಿಂಬೆಯ ದುಂಡಾಣು ಅಂಗಮಾರಿಯ ಬಗ್ಗೆ ರೈತರಿಗಾಗಿ ಕನ್ನಡದಲ್ಲಿ ಬರೆದ ಕೈಪಿಡಿಗೂ ಇದೇ ಮಾತು ಸಲ್ಲುತ್ತದೆ. ನಿಮ್ಮ ಕೆಲಸ ಸರ್ಕಾರದ ಮಾರ್ಗಸೂಚಿ, ಬೇಸಾಯ ಪದ್ಧತಿಯ ಕೈಪಿಡಿ, ಪೇಟೆಂಟ್, ನ್ಯಾಯಾಲಯದ ತೀರ್ಪು, ಪಠ್ಯಪುಸ್ತಕ ಎಲ್ಲಿಯಾದರೂ ಹೊಕ್ಕಿದ್ದರೆ ದಾಖಲೆಯ ಹೆಸರು, ಪುಟ ಸಮೇತ ಪಟ್ಟಿಯ ಕೊನೆಗೆ ಸೇರಿಸಿ.

ಕೊನೆಯ ಹಂತ: ಬರೆದು ಸಲ್ಲಿಸುವುದು

ಎಲ್ಲ ಮುಗಿದ ಮೇಲೆ ಅರ್ಜಿಯಲ್ಲಿ ಹೋಗುವುದು ಐದಾರು ಸಾಲು. ಮಾದರಿ ಹೀಗಿರಲಿ:

"ಪರಿಶೀಲಿತ ಜರ್ನಲ್‌ಗಳಲ್ಲಿ 12 ಲೇಖನ (ಮೊದಲ ಅಥವಾ ಸಂಪರ್ಕ ಲೇಖಕಿಯಾಗಿ 7), ಸಂಪಾದಿತ ಗ್ರಂಥಗಳಲ್ಲಿ 2 ಅಧ್ಯಾಯ, ಸಮ್ಮೇಳನ ಪ್ರಬಂಧ 5. ಸ್ಕೋಪಸ್ ಪ್ರಕಾರ ಜರ್ನಲ್ ಲೇಖನಗಳಿಗೆ ಒಟ್ಟು ಸೈಟೇಶನ್ 99, ಎಚ್-ಇಂಡೆಕ್ಸ್ 6. ಸ್ವಂತ ಉಲ್ಲೇಖ ಕಳೆದು 82 ಮತ್ತು 5. ಮೊದಲ ಲೇಖನದಿಂದ 9 ವರ್ಷ. ನೋಡಿದ ದಿನಾಂಕ, ಸ್ಕೋಪಸ್ ಲೇಖಕ ಸಂಖ್ಯೆ, ಆರ್ಕಿಡ್ ಸಂಖ್ಯೆ ಕೆಳಗಿದೆ."

ಇದರ ಕೆಳಗೆ ನಿಮ್ಮ ಆಯ್ಕೆಯ ಮೂರು ಲೇಖನ, ಒಂದೊಂದರಲ್ಲೂ ನಿಮ್ಮ ಕೈಕೆಲಸ ಏನಿತ್ತು ಎಂಬ ಎರಡೆರಡು ಸಾಲು. ಪ್ರಯೋಗ ಮಾಡಿದಿರಾ, ದತ್ತಾಂಶ ವಿಶ್ಲೇಷಿಸಿದಿರಾ, ಬರೆದಿರಾ? ಸಂದರ್ಶನದಲ್ಲಿ ಪ್ರಶ್ನೆ ಬರುವುದು ಇಲ್ಲಿಂದಲೇ, ಸಂಖ್ಯೆಯಿಂದಲ್ಲ.

ಪ್ರೊಫೈಲ್ ಪುಟವನ್ನು ವಿಳಾಸ ಮತ್ತು ದಿನಾಂಕ ಕಾಣುವಂತೆ ಪಿಡಿಎಫ್ ಮಾಡಿ ಎಕ್ಸೆಲ್ ಹಾಳೆಯ ಜೊತೆ ಇಡಿ. ಅರ್ಜಿ ಕೊಟ್ಟ ದಿನದ ಅಂಕಿ ಸಂದರ್ಶನದ ದಿನ ಬದಲಾಗಿರುತ್ತದೆ. ಸ್ಕೋಪಸ್ ಯಾವುದೋ ಜರ್ನಲ್ ಕೈಬಿಟ್ಟಿದ್ದರೆ ಅಥವಾ ಗೂಗಲ್ ನಕಲು ಸಾಲುಗಳನ್ನು ಕೂಡಿಸಿದ್ದರೆ ಇಳಿದೂ ಇರಬಹುದು. ಆಗ ತೋರಿಸಲು ಆ ದಿನದ ಪುಟ ಬೇಕಾಗುತ್ತದೆ. ಗ್ರಂಥಪಾಲಕರ ಸಹಿ ಬೇಕೆಂದು ಅರ್ಜಿ ಕೇಳಿದ್ದರೆ ಕೊನೆಯ ದಿನ ಸಂಜೆ ಐದಕ್ಕೆ ಹೋಗಬೇಡಿ. ಅವರೂ ಒಂದೊಂದೇ ಲೇಖನ ತೆರೆದು ನೋಡಿಯೇ ಸಹಿ ಹಾಕಬೇಕು.